ಹಾಲಿನ ಪೈಲ್ವಾನ, ಸೂಜಿ ಪೈಲ್ವಾನ

ಸುಮ್ಮನೆ ಕೂಡುವುದು ನನಗೆ ಆಗುವುದಿಲ್ಲ. ಅಕ್ಕಿಯಲ್ಲಿ ಹರಳಿಲ್ಲದಿದ್ದರೂ ಮೊರ ಹಿಡಿದು ಕೂಡುತ್ತೇನೆ, ತೊಳೆದ ತಂಬಿಗೆಯನ್ನೇ ಇನ್ನೊಮ್ಮೆ ತೊಳೆಯುತ್ತೇನೆ. ಮೊದಲು ಹೀಗಿರಲಿಲ್ಲ. ಜೋರಾಪುರ ಪೇಟೆಯ ಈ ಮನೆಗೆ ಸೊಸೆಯಾಗಿ ಬಂದಾಗ ಅತ್ತೆ ನನ್ನನ್ನು ಕೂಡಿಸಿದಲ್ಲೇ ಕೂಡುವ ಹುಡುಗಿ ಅಂತ ನೆರೆಯವರ ಮುಂದೆ ಹೊಗಳುತ್ತಿದ್ದರು. ನನ್ನ ತಮ್ಮ ನಮ್ಮ ಮನೆಯಲ್ಲಿದ್ದು ಕುಸ್ತಿ ಹಿಡಿದನಲ್ಲ, ಆಗಿನಿಂದ, ಅದರಲ್ಲೂ ಕೊನೆಯ ಐದು ತಿಂಗಳಲ್ಲಿ ನನಗೆ ಈ ರೋಗ ಹತ್ತಿತು.

ನನ್ನ ತವರು ತಿಕೋಟಾ. ದ್ರಾಕ್ಷಿ ತೋಟದ ಮನೆ. ತಮ್ಮ ನನಗಿಂತ ಒಂಬತ್ತು ವರ್ಷ ಸಣ್ಣವನು. ಅವನನ್ನು ಟೊಂಕದ ಮೇಲೆ ಹೊತ್ತು ಹೊತ್ತು ನನ್ನ ಲಂಗದ ಲಾಡಿ ಯಾವಾಗಲೂ ಒಂದು ಕಡೆ ಜಾರಿರುತ್ತಿತ್ತು. ಅವನಿಗೆ ಓದು ಹತ್ತಲಿಲ್ಲ, ಮಣ್ಣು ಹತ್ತಿತು. ಊರೂರಿನ ಕುಸ್ತಿಗೆ ಹೋಗಿ ಇನಾಮು ಗೆದ್ದು ಬರುತ್ತಿದ್ದ, ಅದನ್ನೇ ಉದ್ಯೋಗ ಮಾಡಿಕೊಂಡ. ನಮ್ಮ ಪೇಟೆಯ ಗರಡಿಮನೆಯ ವಸ್ತಾದರ ಕೈಯಲ್ಲಿ ಕಲಿತರೆ ದೊಡ್ಡ ಇನಾಮಿನ ಕುಸ್ತಿ ಸಿಗುತ್ತವೆ ಅಂತ ಇಪ್ಪತ್ತನಾಲ್ಕನೇ ವಯಸ್ಸಿಗೆ ನಮ್ಮ ಮನೆಗೆ ಬಂದ. ಹೇಳಿಕೊಟ್ಟವರು ನಮ್ಮ ಮನೆಯವರೇ. ಅವರು ಕಚೇರಿಯಲ್ಲಿ ಗುಮಾಸ್ತರು, ಆದರೆ ಕಚೇರಿ ಅವರಿಗೆ ಎರಡನೆಯದು. ಕುಸ್ತಿ ಎಲ್ಲಿದ್ದರೂ ಬಸ್ಸು ಹತ್ತುತ್ತಿದ್ದರು. ಹೆಂಡತಿಯ ತಮ್ಮನೇ ಪೈಲ್ವಾನನಾಗಿ ಮನೆಯೊಳಗೆ ಬಂದ ಮೇಲೆ ಕೇಳಬೇಕೇ?

ಪೈಲ್ವಾನನ ಊಟಕ್ಕೆ ನಮ್ಮ ಕಡೆ ಖುರಾಕು ಅನ್ನುತ್ತಾರೆ. ಅದು ಒಂದು ಮನೆಯ ಕೆಲಸ ಅಲ್ಲ. ನಮ್ಮ ಓಣಿಯಲ್ಲಿ ವಾರದ ಏಳು ದಿನವನ್ನು ಏಳು ಮನೆಯವರು ಹಂಚಿಕೊಂಡಿದ್ದರು. ಯಾರ ಪಾಳಿಯೋ ಅವರ ಮನೆಯಿಂದ ಬೆಳಗಾಗುತ್ತಲೇ ಗಟ್ಟಿ ಹಾಲಿನ ಚರಿಗೆ ನಮ್ಮ ಕಟ್ಟೆಗೆ ಬರುತ್ತಿತ್ತು. ತಿಕೋಟಾದಿಂದ ಅವ್ವ ಒಣದ್ರಾಕ್ಷಿ ಕಳಿಸುತ್ತಿದ್ದಳು. ನನ್ನ ಪಾಲಿಗೆ ಬಂದದ್ದು ಬದಾಮಿ. ರಾತ್ರಿ ನೆನೆಹಾಕಿ, ಬೆಳಗ್ಗೆ ಸಿಪ್ಪೆ ಸುಲಿದು, ಒಳಕಲ್ಲಿನಲ್ಲಿ ಏಲಕ್ಕಿ ಗಸಗಸಿ ಹಾಕಿ ಬೆಣ್ಣೆಯಂತೆ ಅರೆದು ಹಾಲಿಗೆ ಕಲಸಬೇಕು. ಮಿಕ್ಸಿ ಇತ್ತು. ಆದರೆ ಮಿಕ್ಸಿಯ ಬದಾಮಿ ಮೈಗೆ ಹತ್ತುವುದಿಲ್ಲ ಅಂತ ವಸ್ತಾದರು ಹೇಳಿ ಕಳಿಸಿದ್ದರು. ಅರೆಯುವಾಗ ನಾನು ಹನುಮಪ್ಪನ ಹೆಸರು ಹೇಳುತ್ತಿದ್ದೆ, ಒಂದು ಸುತ್ತಿಗೆ ಒಂದು ಸಲ.

ಮೂಲೆಮನೆಯ ಮುತ್ಯಾ ನಮ್ಮ ಓಣಿಗೆಲ್ಲ ಅಜ್ಜ. ಸೋಮವಾರದ ಪಾಳಿ ಅವನದು. ತಮ್ಮ ಗರಡಿಯಿಂದ ಬರುವಾಗ ಕಟ್ಟೆಯ ಮೇಲಿಂದಲೇ ಕರೆದು ಅವನ ರಟ್ಟೆ ಹಿಚುಕಿ ನೋಡುತ್ತಿದ್ದ.

"ಈ ತೋಳಿನಾಗ ನಮ್ಮ ಎಮ್ಮಿ ಅದಾಳ ನೋಡ್ರಿ," ಅನ್ನುತ್ತಿದ್ದ.

ಮಂಗಳವಾರದವರು ಹೆಗಲು ತಮ್ಮದು ಅನ್ನುತ್ತಿದ್ದರು, ಶುಕ್ರವಾರದವರು ತೊಡೆ ತಮ್ಮದು. ನಾನು ಬಾಗಿಲ ಮರೆಯಲ್ಲಿ ನಿಂತು, ಎಲ್ಲದರೊಳಗೂ ನನ್ನ ಬದಾಮಿ ಇದೆ ಅಂತ ಮನಸ್ಸಿನಲ್ಲೇ ಬೀಗುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ನನಗೂ ಆ ಸೊಕ್ಕು ಇತ್ತು.

ಓಣಿಯ ಗಂಡಸರು ಸೇರುವ ಕಟ್ಟೆಯ ಮೇಲೆ ಪೈಲ್ವಾನರಲ್ಲಿ ಎರಡೇ ಜಾತಿ. ನಮ್ಮವನು ಹಾಲಿನ ಪೈಲ್ವಾನ. ಬೇರೆ ಊರಿನಿಂದ ಬಂದು ನಮ್ಮವರನ್ನು ಚಿತ್ತು ಮಾಡಿದವನು ಸೂಜಿ ಪೈಲ್ವಾನ. ಸೂಜಿ ಅಂದರೆ ಇಂಜೆಕ್ಷನ್ನು. ಅದನ್ನು ಚುಚ್ಚಿಸಿಕೊಂಡರೆ ಮೈ ಹುಬ್ಬುತ್ತದೆ, ದಮ್ಮು ಬರುತ್ತದೆ ಅಂತ ಮಾತು. ಗೆದ್ದವನು ಬೇರೆ ಊರಿನವನಾದರೆ ಸಾಕು, ಅವನ ಕುತ್ತಿಗೆ ನೋಡು, ಬೆನ್ನಿನ ಗುಳ್ಳೆ ನೋಡು ಅಂತ ಶುರು ಮಾಡುತ್ತಿದ್ದರು. ಮುತ್ಯಾ ಅಂತೂ ಬೆರಳನ್ನು ಸೂಜಿಯಂತೆ ಹಿಡಿದು ತನ್ನ ಟೊಂಕಕ್ಕೆ ಚುಚ್ಚಿಕೊಂಡು ತೋರಿಸಿ ಎಲ್ಲರನ್ನೂ ನಗಿಸುತ್ತಿದ್ದ. ನಾನೂ ನಕ್ಕವಳೇ.

ಭಾನುವಾರ ಮಧ್ಯಾಹ್ನ ನಮ್ಮ ಮನೆಯವರು ಟಿವಿಯಲ್ಲಿ ಬಿಳಿಯರ ಕುಸ್ತಿ ಹಾಕಿಕೊಂಡು ಕೂಡುತ್ತಿದ್ದರು. ಅವರಲ್ಲೊಬ್ಬ ನಲವತ್ತು ತುಂಬುವ ಮೊದಲೇ ಎದೆ ಒಡೆದು ಸತ್ತನಂತೆ. ಔಷಧ ಚುಚ್ಚಿಕೊಂಡೇ ಹಾಗಾಯಿತು ಅಂತ ಮೊಬೈಲಿನಲ್ಲಿ ಬಂದಿತ್ತು. ಅವತ್ತು ನಮ್ಮ ಮನೆಯವರು ಎರಡು ರೊಟ್ಟಿ ಕಡಿಮೆ ತಿಂದರು. ಮರು ಭಾನುವಾರ ಅದೇ ಕುರ್ಚಿ, ಅದೇ ಕುಸ್ತಿ. ಅವನ ತಾಯಿ ಏನು ಮಾಡುತ್ತಿರಬೇಕು ಅಂತ ಕೇಳಿದೆ. ಅದನ್ನೆಲ್ಲ ತೋರಿಸುವುದಿಲ್ಲ ಅಂದರು.

ಎರಡನೇ ವರ್ಷದ ದಸರಾ ಕಳೆದ ಮೇಲೆ ತಮ್ಮನ ಮೈ ಬೆಳೆಯತೊಡಗಿತು. ಬೆಳೆಯಿತು ಅನ್ನುವುದಕ್ಕಿಂತ ಉಬ್ಬಿತು. ಅವನ ಅಂಗಿಯ ತೋಳಿನ ಹೊಲಿಗೆಯನ್ನು ನಾನೇ ಎರಡು ಸಲ ಬಿಚ್ಚಿ ಸಡಿಲು ಮಾಡಿದೆ. ಬೆನ್ನ ತುಂಬ ಗುಳ್ಳೆ ಎದ್ದವು. ಬದಾಮಿಯ ಉಷ್ಣ ಅಂದುಕೊಂಡು ನಾಲ್ಕು ಬದಾಮಿ ಕಡಿಮೆ ಮಾಡಿದೆ, ಅರಿಷಿಣ ಗಂಧ ತೇಯ್ದು ಹಚ್ಚಿದೆ. ಎಂದೂ ದನಿ ಏರಿಸದ ಹುಡುಗ, ಪಲ್ಯದಲ್ಲಿ ಉಪ್ಪು ಹೆಚ್ಚಾಯಿತು ಅಂತ ತಾಟು ನೂಕಿ ಎದ್ದು ಹೋದ. ಮೈಯಲ್ಲಿ ಶಕ್ತಿ ಹೆಚ್ಚಾದರೆ ಸಿಟ್ಟು ಬರುತ್ತದೆ ಅಂತ ನಮ್ಮ ಮನೆಯವರು ಸಮಾಧಾನ ಹೇಳಿದರು.

ಆಮೇಲೆ ರಕ್ತದ ಚುಕ್ಕೆ. ಅವನ ಹಾಸಿಗೆಯ ಮೇಲೆ, ಲುಂಗಿಯ ಟೊಂಕದ ಹತ್ತಿರ, ಗಸಗಸಿಯಷ್ಟು ಸಣ್ಣ ಚುಕ್ಕೆಗಳು. ಒಗೆಯುವವಳು ನಾನು, ಕಾಣದೆ ಇರುತ್ತದೆಯೇ? ತಿಗಣೆ ಅಂದುಕೊಂಡೆ. ನಮ್ಮ ಹಳೆಯ ಮನೆಯಲ್ಲಿ ತಿಗಣೆ ಹೊಸದಲ್ಲ. ಗಾದಿಯನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಿದೆ, ಮಂಚದ ಸಂದಿಗೆಲ್ಲ ಕುದಿಯುವ ನೀರು ಸುರಿದೆ, ಬೇವಿನ ಸೊಪ್ಪು ಹಾಸಿದೆ. ಒಂದು ತಿಗಣೆಯೂ ಸಾಯಲಿಲ್ಲ, ಯಾಕೆಂದರೆ ಒಂದೂ ಇರಲಿಲ್ಲ. ಆದರೂ ವಾರಕ್ಕೆ ಎರಡು ಸಲ ಚುಕ್ಕೆ ಬೀಳುತ್ತಲೇ ಇತ್ತು. ನಾನು ವಾರಕ್ಕೆ ಎರಡು ಸಲ ನೀರು ಕುದಿಸುತ್ತಲೇ ಇದ್ದೆ. ಹತ್ತಿರ ಹತ್ತಿರ ಎರಡು ತಿಂಗಳು.

ಗರಡಿಯ ನೇಮ ಒಂದಿದೆ: ಪೈಲ್ವಾನನ ಲಂಗೋಟಿಯನ್ನು ಹೆಂಗಸರು ಮುಟ್ಟಬಾರದು. ಅವನೇ ಒಗೆದುಕೊಂಡು, ಅವನೇ ಒಣಗಿಸಿ, ಗಂಟು ಕಟ್ಟಿ ಗೂಟಕ್ಕೆ ಹಾಕುತ್ತಿದ್ದ. ಆ ಗಂಟಿನ ಹತ್ತಿರ ನಾನು ಕಸಬರಿಗೆಯನ್ನೂ ಒಯ್ದವಳಲ್ಲ. ಒಂದು ಶನಿವಾರ ಅವನು ವಸ್ತಾದರ ಜೊತೆ ಬಬಲೇಶ್ವರಕ್ಕೆ ಹೋಗಿದ್ದ. ತಿಗಣೆಯ ಗೂಡು ಆ ಗಂಟಿನೊಳಗೇ ಇರಬೇಕು ಅಂತ ನನ್ನ ತಲೆಗೆ ಬಂತು. ಹನುಮಪ್ಪನಿಗೆ ತಪ್ಪುಗಾಣಿಕೆ ಹಾಕುತ್ತೇನೆ ಅಂತ ಕೈಮುಗಿದು, ಕೋಲಿನಿಂದ ಗಂಟು ಇಳಿಸಿದೆ. ನೆಲಕ್ಕೆ ಬಿದ್ದಾಗ ಗಾಜಿನ ಸದ್ದಾಯಿತು. ಬಿಚ್ಚಿದರೆ ಹೆಬ್ಬೆರಳಿನಷ್ಟು ಸಣ್ಣ ಶೀಷೆಗಳು, ಸೂಜಿಗಳು, ಎಣ್ಣೆಯಂಥ ಔಷಧ.

ನಾನು ಓದಿದ್ದು ಹತ್ತನೆಯ ಇಯತ್ತೆ. ಆದರೂ ಅದು ಎಮ್ಮೆಗೆ ಚುಚ್ಚುವ ಔಷಧ ಅಲ್ಲ, ಜ್ವರದ್ದೂ ಅಲ್ಲ ಅಂತ ತಿಳಿಯಲು ಅಷ್ಟು ಓದು ಸಾಕಿತ್ತು. ಗಂಟನ್ನು ಇದ್ದಂತೆ ಕಟ್ಟಿ ಗೂಟಕ್ಕೆ ಹಾಕಿದೆ. ಒಂದು ಶೀಷೆಯನ್ನು ಸೆರಗಿಗೆ ಕಟ್ಟಿಕೊಂಡೆ. ಅವತ್ತು ಎಷ್ಟು ಸಲ ಒಳಗೆ ಹೊರಗೆ ತಿರುಗಿದೆನೋ, ಒಲೆಯ ಮೇಲಿನ ಬೇಳೆ ಹತ್ತಿ ಕರಿಯಾದದ್ದು ಪಕ್ಕದ ಮನೆಯವಳು ಕೂಗಿ ಹೇಳಿದ ಮೇಲೆ ಗೊತ್ತಾಯಿತು.

ನಮ್ಮ ಮನೆಯವರು ಕಚೇರಿಯಿಂದ ಬಂದು ಕೈಕಾಲು ತೊಳೆದ ಮೇಲೆ ಸೆರಗು ಬಿಚ್ಚಿ ತೋರಿಸಿದೆ. ಅವರು ಶೀಷೆಯನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಏನಿದು ಅಂತ ಕೇಳಲಿಲ್ಲ. ಅಲ್ಲಿಗೆ ನನಗೆ ತಿಳಿಯಿತು.

"ಎಲ್ಲಾರೂ ತಗೋತಾರ," ಅಂದರು. "ಎದುರಿನಾಂವ ಚುಚ್ಚಿಸಿಕೊಂಡು ಬರತಾನ, ನಮ್ಮಾಂವ ಬರೇ ಹಾಲ ಕುಡದು ಹೋಗಿ ಮಣ್ಣ ಮುಕ್ಕಬೇಕೇನು?"

"ಹಂಗಾರ ಎದುರಿನಾಂವಗ ಸೂಜಿ ಪೈಲ್ವಾನ ಅಂತ ಯಾಕ ಆಡಿಕೋತೀರಿ?"

"ಅದು ಕುಸ್ತಿ ಮಾತು. ಮನಿ ಮಾತಲ್ಲ."

ಅವರು ಕೆಟ್ಟವರಲ್ಲ. ತಮ್ಮ ಮೊದಲ ಇನಾಮು ಗೆದ್ದಾಗ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದು ವಾರಗಟ್ಟಲೆ ಕುತ್ತಿಗೆ ನೋವು ತಿಂದವರು. ಔಷಧ ತಂದುಕೊಡುತ್ತಿದ್ದವನು ಯಾವನೋ ಜಿಮ್ಮಿನವನು. ಇವರು ತಂದದ್ದಲ್ಲ, ತರಿಸಿದ್ದೂ ಅಲ್ಲ. ಗೊತ್ತಿತ್ತು, ಕೇಳಲಿಲ್ಲ, ಅಷ್ಟೇ. ಕಟ್ಟೆಗೆಲ್ಲ ಗೊತ್ತು ಅಂತಲೂ ಅವರೇ ಹೇಳಿದರು. ಮುತ್ಯಾನಿಗೂ? ಎಲ್ಲರಿಗಿಂತ ಮೊದಲು ಅವನಿಗೇ ಅಂದರು. ಮತ್ತೆ ಸೋಮವಾರ ಸೋಮವಾರ ತೋಳು ಹಿಚುಕಿ ಎಮ್ಮೆಯನ್ನು ಹೊಗಳುತ್ತಾನಲ್ಲ ಅಂದೆ. ಅಭಿಮಾನ ಅಂದರೆ ಹಾಗೇ ಅಂದರು.

ಮರುದಿನ ಸಂಜೆ ಕಿಟಕಿಯ ಹತ್ತಿರ ಮೊರ ಹಿಡಿದು ಕೂತು ಕಟ್ಟೆಯ ಮಾತನ್ನು ಕಿವಿಗೊಟ್ಟು ಕೇಳಿದೆ. ಅವೇ ಮಾತು, ನಾನು ಕೇಳುವ ರೀತಿ ಬೇರೆಯಾಗಿತ್ತು. ಕುಸ್ತಿ ನೋಡಬೇಕು, ಪೈಲ್ವಾನನ ಒಳಗು ನೋಡಬಾರದು ಅಂತ ಒಬ್ಬ. ಮೈ ಕೊಡೋನು ಅವನು, ಬಿಡೋನು ಅವನು, ನಮ್ಮದೇನು ಅಂತ ಇನ್ನೊಬ್ಬ. ಸೂಜಿಯ ಮಾತು ಬಂದರೆ ಮುತ್ಯಾ ಬೇರೆ ಊರಿನವನನ್ನು ತಂದು ನಡುವೆ ನಿಲ್ಲಿಸಿ ನಗಿಸಿಬಿಡುತ್ತಿದ್ದ. ಆ ನಗೆಯ ಹಿಂದೆ ಎಲ್ಲರೂ ಕ್ಷೇಮವಾಗಿದ್ದರು. ನನ್ನ ತಮ್ಮನೊಬ್ಬನ ಹೊರತು.

ಗರಡಿಯ ಮಣ್ಣು ಬರೀ ಮಣ್ಣಲ್ಲ. ಮಜ್ಜಿಗೆ, ಎಣ್ಣೆ, ಅರಿಷಿಣ, ನಿಂಬೆರಸ ಹಾಕಿ ಹದ ಮಾಡಿದ ಕೆಂಪು ಮಣ್ಣು. ಶನಿವಾರದ ಪೂಜೆಯಾದ ಮೇಲೆ ಒಂದು ಚಿಟಿಕೆಯನ್ನು ಪೈಲ್ವಾನನ ಮನೆಗೆ ಕೊಡುತ್ತಾರೆ, ನಾವು ಅದನ್ನು ದೇವರ ಜಗಲಿಯ ಮೇಲೆ ಬಟ್ಟಲಲ್ಲಿ ಇಡುತ್ತೇವೆ. ತಮ್ಮ ಹಿತ್ತಲಲ್ಲಿ ಕೂತು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಾಗ ಆ ಬಟ್ಟಲನ್ನು ತಂದು ಅವನ ಮುಂದೆ ಇಟ್ಟೆ. ಹಾಲು ಬದಾಮಿ ಬಿಟ್ಟು ಬೇರೆ ಏನೂ ಮೈಗೆ ಹಾಕಿಲ್ಲ ಅಂತ ಇದನ್ನು ಮುಟ್ಟಿ ಹೇಳು ಅಂದೆ.

ಅವನು ಬಟ್ಟಲು ನೋಡಿದ, ನನ್ನ ಮುಖ ನೋಡಿದ, ಎಣ್ಣೆಯ ಕೈಯನ್ನು ಹಿಂದಕ್ಕೆ ಎಳೆದುಕೊಂಡ.

"ಆ ಮಣ್ಣಿನ ಮ್ಯಾಲ ಬ್ಯಾಡ ಅಕ್ಕಾ. ಬೇಕಾದ್ರ ನಿನ್ನ ತಲಿ ಮ್ಯಾಲ ಕೈ ಇಟ್ಟು ಸುಳ್ಳ ಹೇಳತೀನಿ."

"ನನ್ನ ತಲಿ ಅಷ್ಟು ಸೋವಿ ಆತೇನಲೇ?"

ಇಬ್ಬರಿಗೂ ನಗು ಬಂತು, ನೋಡ್ರಿ. ನಗುತ್ತಲೇ ಅವನ ಕಣ್ಣು ತುಂಬಿದವು. ಆಮೇಲೆ ಒಂದೊಂದೇ ಹೇಳಿದ. ಸೂಜಿಗಿಂತ ದೊಡ್ಡ ಗಂಡಾಂತರ ಮುಂದೆ ಇದೆ ಅಂದ.

ಕುಸ್ತಿಯಲ್ಲಿ ಜೋಡಿ ಕಟ್ಟುವುದು ಅಂತ ಒಂದು ಪದ್ಧತಿ. ಯಾರಿಗೆ ಯಾರು ಎದುರು ಅನ್ನುವುದನ್ನು ತೂಕದ ಕಾಟಾ ಇಟ್ಟು ನೋಡುವುದಿಲ್ಲ. ಹಿರಿಯರು ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ, ಕಣ್ಣಳತೆಯಲ್ಲೇ ಹೆಗಲು, ಕುತ್ತಿಗೆ, ತೊಡೆ ನೋಡಿ ಕೈಗೆ ಕೈ ಕೊಡಿಸುತ್ತಾರೆ. ಆ ಶನಿವಾರ ಬಬಲೇಶ್ವರದಲ್ಲಿ ಆದದ್ದು ಅದೇ. ಸುಗ್ಗಿ ಮುಗಿದ ಮೇಲೆ ಅಲ್ಲಿಯ ರೈತರು ಇಡುವ ಕುಸ್ತಿಗೆ ಅವತ್ತು ಜೋಡಿ ಗೊತ್ತುಮಾಡಿದ್ದರು. ಉಬ್ಬಿದ ಮೈ ನೋಡಿ ಹಿರಿಯರ ಕಣ್ಣು ಮೋಸ ಹೋಗಿತ್ತು. ಮೂರನೇ ನಂಬರಿನ ಕುಸ್ತಿ ಹಿಡಿಯುತ್ತಿದ್ದ ನನ್ನ ತಮ್ಮನಿಗೆ, ಎಲ್ಲಕ್ಕಿಂತ ದೊಡ್ಡದಾದ ಮೊದಲ ನಂಬರಿಗೆ ಕೊಲ್ಹಾಪುರ ಕಡೆಯ ಪೈಲ್ವಾನನನ್ನು ಜೋಡಿ ಕಟ್ಟಿ ವೀಳ್ಯ ಕೊಟ್ಟಿದ್ದರು. ಹನ್ನೆರಡು ವರ್ಷ ಮಣ್ಣಿನಲ್ಲಿ ಬೆಳೆದ ಮೈ ಅವನದು. ನಮ್ಮವನದು ನಾಲ್ಕು ತಿಂಗಳದ್ದು.

"ಮೈ ನೋಡಿ ಕಟ್ಟ್ಯಾರ ಅಕ್ಕಾ. ನನ್ನ ಡಾವ, ಪಟ್ಟು ನೋಡಿ ಅಲ್ಲ. ಆಂವ ನನ್ನ ಕುತಗಿ ಹಿಡದ್ರ ಬಿಡಿಸಿಕೊಳ್ಳಾಕ ನನಗ ಬರಂಗಿಲ್ಲ."

ಹೋಗಬೇಡ ಅಂದೆ. ವೀಳ್ಯ ಹಿಡಿದವನು ಹಿಂದೆ ಸರಿದರೆ ಓಣಿಯಲ್ಲಿ ಮುಖ ಎತ್ತುವಂತಿಲ್ಲ ಅಂದ.

ಅವತ್ತು ಬದಾಮಿ ನೆನೆಹಾಕಲಿಲ್ಲ. ಸಿಟ್ಟಿಗಲ್ಲ, ಕೈ ಏಳಲಿಲ್ಲ. ಬೆಳಗ್ಗೆ ಅವನು ಅಡುಗೆಮನೆಯ ಹೊಸ್ತಿಲಲ್ಲಿ ಬಂದು ಕೂತು ಒಣ ಒಳಕಲ್ಲನ್ನು ನೋಡಿದ. ಬಸುರಿಯರ ಬಾತ ಕಾಲನ್ನು ಸೂಲಗಿತ್ತಿ ಬೆರಳಿನಿಂದ ಒತ್ತಿ ನೋಡುತ್ತಾಳಲ್ಲ, ಹಾಗೆ ತನ್ನ ಮೊಣಕಾಲ ಕೆಳಗೆ ಬೆರಳು ಒತ್ತಿ ತೋರಿಸಿದ. ತಗ್ಗು ಬಿದ್ದದ್ದು ಹಾಗೇ ಉಳಿಯಿತು. ಮೂತ್ರ ಚಹಾದ ಬಣ್ಣಕ್ಕೆ ಬರುತ್ತಿದೆ ಅಂತಲೂ ಹೇಳಿದ, ತಲೆ ತಗ್ಗಿಸಿ, ಅಕ್ಕನ ಮುಂದೆ ಹೇಳುವ ಮಾತಲ್ಲ ಅಂತ ನಾಚಿಕೊಂಡು. ಈಗಲೇ ದವಾಖಾನೆಗೆ ನಡಿ ಅಂದರೆ, ಕುಸ್ತಿ ಮುಗಿದ ಮೇಲೆ ಅಂದ. ನಮ್ಮ ಮನೆಯವರಿಗೆ ಹೇಳಿದೆ. ಅವರ ಮುಖ ಸಪ್ಪಗಾಯಿತು. ಅವರೂ ಅದನ್ನೇ ಅಂದರು: ಇನ್ನು ಎಂಟೇ ದಿನ, ಆಮೇಲೆ ನಾನೇ ಕರೆದೊಯ್ಯುತ್ತೇನೆ. ಎಂಟು ದಿನದಲ್ಲಿ ಏನೇನು ಆಗಬಹುದು ಅನ್ನುವುದು ಅವರಿಗೂ ಗೊತ್ತಿತ್ತು, ರೊಟ್ಟಿ ಮುರಿದ ಕೈ ಬಾಯಿಗೆ ಹೋಗದೆ ತಾಟಿನಲ್ಲೇ ನಿಂತಿತ್ತು. ಆದರೆ ಬಾಯಲ್ಲಿ ಕಟ್ಟೆಯ ಮಾತೇ ಬಂತು.

ಆ ಎಂಟು ದಿನದಲ್ಲಿ ನಾನು ಒಂದು ಪಾಪ ಮಾಡಿದೆ. ಬರೆಯದೆ ಬಿಟ್ಟರೆ ಹನುಮಪ್ಪನ ಮುಂದೆ ನಿಲ್ಲಲಾರೆ. ವೀಳ್ಯ ಹಿಡಿದ ಪೈಲ್ವಾನನಿಗೆ ಮರ್ಯಾದೆಯಿಂದ ಹಿಂದೆ ಸರಿಯಲು ಒಂದೇ ದಾರಿ: ಸೂತಕ. ಅಣ್ಣತಮ್ಮಂದಿರ ಮನೆತನದಲ್ಲಿ ಯಾರಾದರೂ ತೀರಿಕೊಂಡರೆ ಸೂತಕದ ಮೈಯಿಂದ ಅಖಾಡದ ಮಣ್ಣು ಮುಟ್ಟುವಂತಿಲ್ಲ, ಯಾರೂ ಬೆರಳು ತೋರಿಸುವಂತಿಲ್ಲ. ನಮ್ಮ ಅಜ್ಜನ ತಮ್ಮನ ಹೆಂಡತಿ, ನಮಗೆ ಆಯಿ, ಮಮದಾಪುರದಲ್ಲಿ ಇದ್ದಳು. ತೊಂಬತ್ತು ದಾಟಿತ್ತು. ನಾಲ್ಕು ವರ್ಷದಿಂದ ಹಾಸಿಗೆ ಹಿಡಿದಿದ್ದಳು. ಜಪಮಾಲೆ ಹಿಡಿದಿದ್ದಾಗ ನನ್ನ ಮನಸ್ಸು ಮಮದಾಪುರಕ್ಕೆ ಹೋಯಿತು. ಆಯಿ ಈ ವಾರ ಹೋದರೆ ಹುಡುಗ ಉಳಿಯುತ್ತಾನೆ ಅಂತ ಒಂದು ಮಣಿಗೆ ಅನಿಸಿತು, ಮುಂದಿನ ಮಣಿಗೂ ಅನಿಸಿತು. ಜಪಮಾಲೆ ಕೆಳಗಿಟ್ಟು ಎದ್ದುಬಿಟ್ಟೆ.

ಬುಧವಾರ ನಿಲ್ಲಲಾಗದೆ ಮಮದಾಪುರದ ಬಸ್ಸು ಹತ್ತಿದೆ. ಯಾಕೆ ಹೋದೆ ಅಂತ ಈಗಲೂ ನಿಕ್ಕಿ ಹೇಳಲಾರೆ. ತಪ್ಪು ಒಪ್ಪಿಕೊಳ್ಳಲೋ, ಆಯಿ ಎಷ್ಟು ಕೃಶವಾಗಿದ್ದಾಳೆ ಅಂತ ನೋಡಲೋ. ಒಣದ್ರಾಕ್ಷಿಯ ಪೊಟ್ಟಣ ಕೈಯಲ್ಲಿಟ್ಟೆ. ಹಲ್ಲಿಲ್ಲದ ಬಾಯಲ್ಲಿ ಒಂದನ್ನು ಹೊರಳಿಸುತ್ತ ನನ್ನ ಗದ್ದ ಹಿಡಿದಳು.

"ಹಬ್ಬಿಲ್ಲ ಹುಣ್ಣಿವಿಲ್ಲ, ಯಾಕ ಬಂದೀ ಬೇ? ನಾ ಸತ್ತೀನೇನು ಅಂತ ನೋಡಾಕ ಬಂದಿಯೇನು?"

ಚೇಷ್ಟೆಗೆ ಅಂದ ಮಾತು. ಅವಳ ಸೊಸೆಯಂದಿರೆಲ್ಲ ನಕ್ಕರು. ನಾನು ಆಯಿಯ ಕಾಲ ಮೇಲೆ ತಲೆ ಇಟ್ಟು ಅತ್ತದ್ದು ನೋಡಿ ನಗು ನಿಲ್ಲಿಸಿದರು. ತಿರುಗಿ ಬರುವಾಗ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತ್ತು; ಗಾಳಿಗೆ ಕಣ್ಣೀರು ಅಂತ ಹೇಳಬಹುದಿತ್ತು. ಅಷ್ಟು ಸಿಕ್ಕಿದ್ದಕ್ಕೂ ದೇವರಿಗೆ ಕೈಮುಗಿದೆ. ಮನೆಗೆ ಬಂದು ಆಯಿಯ ಆಯುಷ್ಯಕ್ಕೆ ಎರಡು ಬತ್ತಿ ಹೆಚ್ಚಿಗೆ ಹಚ್ಚಿದೆ. ನನ್ನ ಬೇಡಿಕೆ ದೇವರು ಕೇಳಲಿಲ್ಲ ಅನ್ನುವುದೇ ಆ ವಾರದ ದೊಡ್ಡ ಕೃಪೆ.

ಕುಸ್ತಿಯ ದಿನ ಬೆಳಗ್ಗೆ ತಮ್ಮನನ್ನು ದೇವರ ಜಗಲಿಯ ಮುಂದೆ ನಿಲ್ಲಿಸಿ ಬಟ್ಟಲಿನ ಮಣ್ಣನ್ನು ಅವನ ಹಣೆಗೆ ಹಚ್ಚಿದೆ. ಆಣೆ ಹಾಕಿಸಲಿಲ್ಲ, ಬುದ್ಧಿ ಹೇಳಲಿಲ್ಲ. ಒಂದೇ ಮಾತು ಹೇಳಿದೆ.

"ಸೋತು ಬಂದ್ರೂ ಓಡಿ ಬಂದ್ರೂ ಈ ಮನ್ಯಾಗ ನಿನ್ನ ತಾಟು ಇರತೈತಿ, ಯಪ್ಪಾ. ಬರದೇ ಹ್ವಾದ್ರ ನಾ ಯಾರಿಗಿ ಹಾಕಲಿ?"

ಬಬಲೇಶ್ವರದಲ್ಲಿ ಹೆಂಗಸರಿಗೆ ಅಖಾಡದ ಹತ್ತಿರ ಜಾಗ ಇಲ್ಲ. ಮೈದಾನದ ಪಕ್ಕದ ಸಾಲೆಯ ಮಾಳಿಗೆ ಹತ್ತಿದೆವು. ನಮ್ಮ ಓಣಿಯವರು ಎರಡು ಟೆಂಪೋ ಮಾಡಿಕೊಂಡು ಬಂದಿದ್ದರು. ಮುತ್ಯಾ ಕುರ್ಚಿ ಹಾಕಿಸಿಕೊಂಡು ಅಖಾಡದ ಅಂಚಿಗೆ ಕೂತಿದ್ದ. ಸಣ್ಣ ಕುಸ್ತಿಗಳು ಮುಗಿಯುತ್ತ ಬಂದಂತೆ ನಾನು ಕೂತು, ಎದ್ದು, ಮತ್ತೆ ಕೂತು, ಪಕ್ಕದವಳಿಂದ ಬೈಸಿಕೊಂಡೆ. ಮೊದಲ ನಂಬರಿನ ಜೋಡಿ ಇಳಿಯಿತು. ಹಲಗೆಯ ಬಡಿತ ಜೋರಾಯಿತು. ಹಿರಿಯರು ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ ಜನಕ್ಕೆ ತೋರಿಸಿದರು. ಮೇಲಿನಿಂದ ನೋಡಿದರೆ ಇಬ್ಬರ ಮೈಯೂ ಒಂದೇ ಹಾಗೆ ಕಾಣುತ್ತಿತ್ತು. ಹಿರಿಯರ ಮೇಲೆ ತಪ್ಪು ಹೊರಿಸಲಾರೆ.

ತಮ್ಮ ಬಗ್ಗಿ ಮಣ್ಣು ತೆಗೆದುಕೊಂಡ. ಎಲ್ಲ ಪೈಲ್ವಾನರೂ ಹಾಗೇ ಮಾಡುತ್ತಾರೆ, ಹಣೆಗೆ ಒತ್ತಿಕೊಂಡು ಎದುರಿನವನ ಅಂಗೈಗೆ ಹಾಕುತ್ತಾರೆ, ಅಲ್ಲಿಂದ ಕುಸ್ತಿ ಶುರು. ಇವನು ಹಣೆಗೆ ಒತ್ತಿಕೊಂಡು, ಆ ಮಣ್ಣನ್ನು ಮತ್ತೆ ನೆಲಕ್ಕೆ ಇಟ್ಟ. ಎದುರಿನವನ ಕೈಗೆ ಕೊಡಲಿಲ್ಲ. ಹಿರಿಯರ ಕಡೆ ತಿರುಗಿ ಕೈಮುಗಿದು ಏನೋ ಹೇಳಿದ. ಹಲಗೆ ನಿಂತಿತು. ಆಮೇಲೆ ಸಿಳ್ಳೆ, ಕೂಗು. ಕುಡಿದ ಹಾಲು ಕಾರಿ ಹೋಗು ಅಂತ ಯಾರೋ ಕೂಗಿದರು. ದನಿ ನಮ್ಮ ಓಣಿಯದು. ಒಂದು ಚಪ್ಪಲಿಯೂ ಬಂತು, ಅವನಿಗೆ ತಾಗಲಿಲ್ಲ. ಎದುರಿನ ಪೈಲ್ವಾನ ಮಾತ್ರ, ಮುಂದೆ ಬಂದು ತಮ್ಮನ ಹೆಗಲ ಮೇಲೆ ಕೈ ಇಟ್ಟು ಅಖಾಡದಿಂದ ಹೊರಗೆ ನಡೆಸಿಕೊಂಡು ಹೋದ. ಆ ಪುಣ್ಯವಂತನ ತಾಯಿ ತಣ್ಣಗಿರಲಿ.

ಟೆಂಪೋದಲ್ಲಿ ನಮಗೆ ಜಾಗ ಕೊಡಲಿಲ್ಲ. ಮೂವರೂ ಸರಕಾರಿ ಬಸ್ಸಿಗೆ ಬಂದೆವು. ತಮ್ಮ ಮುಂದಿನ ಸೀಟಿನಲ್ಲಿ ಕೂತು ನಿದ್ದೆ ಹೋದ. ಎಷ್ಟು ದಿನದ ನಿದ್ದೆಯೋ. ಅಖಾಡದಲ್ಲಿ ಅವನು ಏನಂದ ಅಂತ ಅರ್ಧ ದಾರಿಯಲ್ಲಿ ನಮ್ಮ ಮನೆಯವರನ್ನು ಕೇಳಿದೆ.

"'ಇದು ನನ್ನ ಜೋಡಿ ಅಲ್ರಿ, ನನ್ನ ಮೈ ನೋಡಿ ಮೋಸ ಹೋಗಬ್ಯಾಡ್ರಿ, ಇದು ಸೂಜಿ ಮೈ' ಅಂದ," ಅಂದರು. ಕಿಟಕಿಯ ಕಡೆ ಮುಖ ಮಾಡಿ, "ನನಗ ಕೇಳಿಸಬಾರದು ಅನಿಸಿತು. ನಾ ಎಲ್ಲಾರಗಿಂತ ಮುಂದ ನಿಂತಿದ್ದೆ," ಅಂದರು.

ಮನೆಗೆ ಹೋಗಲಿಲ್ಲ. ಬಸ್ ಸ್ಟ್ಯಾಂಡಿನಿಂದ ನೇರ ದವಾಖಾನೆಗೆ ಹೋದೆವು. ರಿಕ್ಷಾ ಕರೆದವರು ಅವರೇ. ಡಾಕ್ಟರು ರಕ್ತ, ಮೂತ್ರ ನೋಡಿಸಿ, ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿದೆ, ಆದರೆ ಕೈಬಿಟ್ಟು ಹೋಗಿಲ್ಲ ಅಂದರು. ಸೂಜಿ ಇವತ್ತಿಗೇ ನಿಲ್ಲಬೇಕು, ತಿಂಗಳು ತಿಂಗಳು ಬಂದು ತೋರಿಸಬೇಕು. ಹಾಲು, ಬದಾಮಿ, ಬೇಳೆ ಸದ್ಯಕ್ಕೆ ಕಡಿಮೆ ಮಾಡಬೇಕು. ಮತ್ತೆ ಅಖಾಡಕ್ಕೆ ಇಳಿಯುವ ಮಾತನ್ನು ಈಗ ಕೇಳಬೇಡಿ ಅಂದರು. ನಾವ್ಯಾರೂ ಕೇಳಿರಲಿಲ್ಲ.

ಮರುದಿನದಿಂದ ಹಾಲಿನ ಚರಿಗೆ ಬರಲಿಲ್ಲ. ಏಳು ಮನೆಯ ಪೈಕಿ ಒಂದರಿಂದಲೂ. ತಮ್ಮ ಕೈಮುಗಿದು ನಿಂತ ವಿಡಿಯೋ ಎಲ್ಲರ ಮೊಬೈಲಿಗೂ ಬಂದಿತ್ತು, ಕೆಳಗೆ ಸೂಜಿ ಪೈಲ್ವಾನ ಅಂತ ಬರೆದು. ತಿಂಗಳುಗಟ್ಟಲೆ ಗೊತ್ತಿದ್ದವರೇ ಈಗ ಗೊತ್ತಾದವರ ಹಾಗೆ ಬೈದರು. ಚುಚ್ಚಿಕೊಂಡದ್ದಕ್ಕೆ ಅಲ್ಲ, ಹೇಳಿದ್ದಕ್ಕೆ. ಬೇಜಾರಾಯಿತು, ಆದರೆ ಡಾಕ್ಟರು ಬೇಡ ಅಂದ ಹಾಲನ್ನು ಬೇಡ ಅನ್ನುವ ಕಷ್ಟ ನನಗೆ ತಪ್ಪಿತಲ್ಲ ಅಂತ ಅದನ್ನೂ ಲೆಕ್ಕಕ್ಕೆ ಹಿಡಿದೆ. ನಮ್ಮ ಮನೆಯವರು ಕಟ್ಟೆಗೆ ಹೋಗುವುದು ಬಿಟ್ಟರು. ಮೂರು ವಾರ ಟಿವಿಯ ಕುಸ್ತಿಯನ್ನೂ ನೋಡಲಿಲ್ಲ, ನಾಲ್ಕನೇ ವಾರ ಹಾಕಿದರು, ದನಿ ಸಣ್ಣದು ಮಾಡಿ. ಚಟ ಅಷ್ಟು ಬೇಗ ಬಿಡುತ್ತದೆ ಅಂತ ನಾನೂ ಅಂದುಕೊಂಡಿರಲಿಲ್ಲ. ಅವನ ಕುತ್ತಿಗೆ ನೋಡು, ಅಂತ ಒಮ್ಮೆ ಅವರ ಬಾಯಿಂದ ಬಂತು. ತಮ್ಮ ಅಲ್ಲೇ ಕೂತಿದ್ದ. ಎದ್ದು ಹೋಗಿ ಟಿವಿ ಆರಿಸಿದರು.

ಒಂದು ಸೋಮವಾರ ಮುತ್ಯಾ ಕೋಲೂರಿಕೊಂಡು ಬಂದು ನಮ್ಮ ಮನೆಯ ಕಟ್ಟೆಯ ಮೇಲೆ ಕೂತ. ಕೈಯಲ್ಲಿ ಹಾಲಿನ ಸಣ್ಣ ತಂಬಿಗೆ. ತಮ್ಮನ ತೋಳನ್ನು ರೂಢಿಯಂತೆ ಹಿಚುಕಲು ಹೋಗಿ, ಜೋತುಬಿದ್ದ ತೊಗಲು ಕೈಗೆ ಬಂದು ಬಿಟ್ಟುಬಿಟ್ಟ. ಮುಂದಿನ ಸುಗ್ಗಿಗೆ ಹಿಡೀತೀಯೇನು ಅಂತ ಕೇಳಿದ. ಇಲ್ಲ ಮುತ್ಯಾ, ತಿಕೋಟಾಕ್ಕೆ ಹೋಗಿ ತೋಟ ನೋಡಿಕೋತೇನೆ, ಮೈ ಸುಧಾರಿಸಲಿ ಅಂದ ತಮ್ಮ. ಮುತ್ಯಾ ಕೋಲೂರಿ ಎದ್ದ. ಹೋಗುವಾಗ ತಂಬಿಗೆಯನ್ನು ನನ್ನ ಕಡೆ ಸರಿಸಿದ.

"ಖುರಾಕಿಗಲ್ಲ ಯವ್ವಾ. ಚಹಾಕ್ಕ."

ತಮ್ಮ ತಿಕೋಟಾಕ್ಕೆ ಹೋಗಿ ಈಗ ವರ್ಷವಾಗುತ್ತ ಬಂತು. ತಿಂಗಳಿಗೊಮ್ಮೆ ರಕ್ತ ನೋಡಿಸಲು ಬಂದಾಗ ಒಂದು ರಾತ್ರಿ ನಮ್ಮಲ್ಲಿ ಇರುತ್ತಾನೆ. ಮೊದಲಿನ ಅಂಗಿಗಳು ಈಗ ದೊಗಳೆ, ಬಿಚ್ಚಿದ ಹೊಲಿಗೆಯನ್ನು ನಾನೇ ಮತ್ತೆ ಹಾಕಿದ್ದೇನೆ. ಪರೀಕ್ಷೆಯ ಕಾಗದದಲ್ಲಿ ಕೆಲವು ಸಲ ಒಳ್ಳೆಯದಿರುತ್ತದೆ, ಕೆಲವು ಸಲ ಡಾಕ್ಟರು ಹುಬ್ಬು ಏರಿಸುತ್ತಾರೆ. ಕಾಗದ ಬರುವವರೆಗೆ ನಾನು ತೊಳೆದ ತಂಬಿಗೆ ತೊಳೆಯುತ್ತಿರುತ್ತೇನೆ.

ಹೋದ ತಿಂಗಳು ಅವನು ಎದ್ದು ಸ್ನಾನಕ್ಕೆ ಹೋದ ಮೇಲೆ ಹಾಸಿಗೆ ಸುತ್ತುತ್ತಿದ್ದೆ. ಬಿಳಿ ಹೊದಿಕೆಯ ಮೇಲೆ ಗಸಗಸಿಯಷ್ಟು ಕೆಂಪು ಚುಕ್ಕೆ. ಒಂದಲ್ಲ, ಮೂರು. ಅವನ ಚೀಲ ತಡಕಿದೆ, ಲುಂಗಿ ಜಾಡಿಸಿದೆ, ಗೂಟ ನೋಡಿದೆ. ಏನೂ ಇಲ್ಲ. ಗಾದಿ ಎತ್ತಿ ಹೊಲಿಗೆಯ ಸಂದಿಯನ್ನು ಉಗುರಿನಿಂದ ಬಿಡಿಸಿದೆ. ಅಲ್ಲಿತ್ತು, ಉಂಡು ಉಬ್ಬಿದ ಒಂದು ತಿಗಣೆ, ಅದರ ಹಿಂದೆ ಇನ್ನೊಂದು.

ತಿಗಣೆ ಕಂಡು ಯಾರಾದರೂ ದೇವರಿಗೆ ಕೈಮುಗಿದದ್ದು ಉಂಟೋ ಇಲ್ಲವೋ, ನಾನು ಮುಗಿದೆ. ಆಮೇಲೆ ಎದ್ದು ಒಲೆಯ ಮೇಲೆ ನೀರಿಟ್ಟೆ.